ಬಳಗದವರ ಕಾರು ಕಳವಾದಾಗ: ಮಂಗಳೂರು, ಉಡುಪಿ ಕಡೆ ಹುಡುಕಾಟ ನಡೆಸುವ ಬಗೆ

ನಿಲ್ಲಿಸಿದಲ್ಲಿ ಕಾರಿಲ್ಲ ಎಂಬ ಸಂದೇಶ ಕಾರುಪ್ರಿಯರ ಬಳಗದ ವಾಟ್ಸಾಪ್ ಗುಂಪಿಗೆ ಬಂದೊಡನೆ ಹತ್ತಾರು ಮಂದಿ ಅದನ್ನು ತಮಗೆ ಗೊತ್ತಿರುವ ಗುಂಪುಗಳಿಗೆಲ್ಲ ರವಾನಿಸುತ್ತಾರೆ, ಮೂರು ನಾಲ್ಕು ಮಂದಿ ಕೀಲಿ ಕೈಗೆತ್ತಿಕೊಂಡು ಹೆದ್ದಾರಿಗೆ ಇಳಿಯುತ್ತಾರೆ. ಇದು ಸಹಜವಾದದ್ದು, ಮೆಚ್ಚಬೇಕಾದದ್ದು. ಆದರೆ ಯಾರು ಎಲ್ಲಿಗೆ ಹೋದರು, ಯಾರು ಯಾವ ಅಂಗಡಿಯ ಕ್ಯಾಮೆರಾ ನೋಡಿದರು ಎಂಬುದು ಒಬ್ಬರಿಗೂ ಪೂರ್ತಿ ಗೊತ್ತಿಲ್ಲದಿದ್ದರೆ ಮರುದಿನ ಬೆಳಗಾಗುವಾಗ ಎಲ್ಲರಿಗೂ ಉಳಿಯುವುದು ಆಯಾಸ ಮಾತ್ರ. ಇಂಥ ಹೊತ್ತಿನಲ್ಲಿ ಬಳಗಕ್ಕಿರುವ ಬಲ ಎರಡು: ಸದಸ್ಯರು ತಲಪಾಡಿಯಿಂದ ಬೈಂದೂರಿನವರೆಗೆ ಹರಡಿಕೊಂಡಿರುತ್ತಾರೆ, ಮತ್ತು ಆ ಒಂದು ಕಾರನ್ನು ಅದೇ ಬಣ್ಣದ ನೂರು ಕಾರುಗಳ ನಡುವೆ ಗುರುತಿಸುವಷ್ಟು ಅವರಿಗೆ ಅದರ ಪರಿಚಯವಿರುತ್ತದೆ. ಈ ಬಲವನ್ನು ಪೊಲೀಸ್ ತನಿಖೆಗೆ ಹೇಗೆ ಜೋಡಿಸಬೇಕೆಂಬುದನ್ನು, ನಮ್ಮ ಬಳಗ ಸರಿಯಾಗಿ ಮಾಡಿದ್ದನ್ನೂ ಎಡವಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಗಂಟೆ

ಕಾರು ನಿಜವಾಗಿಯೂ ಕಳವಾಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಿಲುಗಡೆ ನಿಷೇಧವಿರುವ ಕಡೆಯಿಂದ ಸಂಚಾರ ಪೊಲೀಸರು ಎಳೆದೊಯ್ದಿರಬಹುದು. ಸಾಲದ ಕಂತು ಬಾಕಿಯಿದ್ದರೆ ಹಣಕಾಸು ಸಂಸ್ಥೆಯವರು ಒಯ್ದಿರಬಹುದು. ಮನೆಯಲ್ಲೇ ಯಾರೋ ಇನ್ನೊಂದು ಕೀಲಿ ತೆಗೆದುಕೊಂಡು ಹೋಗಿರಬಹುದು. ಬಾಡಿಗೆಗೋ ಪರಿಚಯದ ಮೇಲೋ ಕೊಟ್ಟ ಕಾರು ಹಿಂತಿರುಗದಿದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಪ್ರಕರಣ. ಅದನ್ನು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ನಂಬಿಕೆ ದ್ರೋಹವೆಂದು ನೋಡುವ ಸಾಧ್ಯತೆಯೇ ಹೆಚ್ಚು. ಮುಜುಗರಕ್ಕೋ ವಿಮೆ ಸಿಗದೆಂಬ ಭಯಕ್ಕೋ ಅದನ್ನು ಸಾಮಾನ್ಯ ಕಳವೆಂದು ಬರೆಸಿದರೆ ಮುಂದೆ ಪ್ರಕರಣವೂ ವಿಮೆಯೂ ಎರಡೂ ಕೆಡುತ್ತವೆ. ಬಳಗದ ಹಿರಿಯರೊಬ್ಬರು ಮಾಲೀಕರನ್ನು ಪಕ್ಕಕ್ಕೆ ಕರೆದು, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಲು ಧೈರ್ಯ ತುಂಬುವುದು ಮೊದಲ ಸಹಾಯ.

ಕಳವೆಂದು ಖಚಿತವಾದೊಡನೆ 112ಕ್ಕೆ ಕರೆ ಮಾಡಿ, ನಂತರ ಠಾಣೆಗೆ ಹೋಗಿ ದೂರು ಕೊಡಬೇಕು. ಇಲ್ಲಿ ವ್ಯಾಪ್ತಿಯ ವಿಷಯವನ್ನು ತಿಳಿದಿರುವುದು ಒಳ್ಳೆಯದು. ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಉಳ್ಳಾಲ, ಬಜಪೆ ಠಾಣೆಗಳು ಮಂಗಳೂರು ನಗರ ಪೊಲೀಸ್ ಆಯುಕ್ತರ ಅಧೀನದಲ್ಲಿದ್ದರೆ, ಬಂಟ್ವಾಳ, ಪುತ್ತೂರು ಕಡೆಯವು ದಕ್ಷಿಣ ಕನ್ನಡದ ಎಸ್‌ಪಿಯವರಿಗೂ, ಪಡುಬಿದ್ರಿಯಿಂದ ಉತ್ತರಕ್ಕಿರುವವು ಉಡುಪಿಯ ಎಸ್‌ಪಿಯವರಿಗೂ ಸೇರುತ್ತವೆ. ತಲಪಾಡಿ ದಾಟಿದರೆ ಕಾಸರಗೋಡು, ಅಂದರೆ ಬೇರೆಯೇ ರಾಜ್ಯ. ಸುರತ್ಕಲ್‌ನಲ್ಲಿ ಕದ್ದ ಕಾರು ಅರ್ಧ ಗಂಟೆಯೊಳಗೆ ಇನ್ನೊಂದು ಜಿಲ್ಲೆ ಸೇರುವುದು ಇಲ್ಲಿ ಕಷ್ಟವೇ ಅಲ್ಲ. ಆದರೂ ದೂರು ಯಾವ ಠಾಣೆಯದ್ದೆಂಬ ಚರ್ಚೆಯಲ್ಲಿ ಹೊತ್ತು ಕಳೆಯುವ ಅಗತ್ಯವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಕಾರಿನ ಮಾಲೀಕರು ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದು ಕಾರು ಊರ ಮನೆಯ ಶೆಡ್ಡಿನಿಂದ ಹೋಗಿದ್ದರೆ, ಕಳವನ್ನು ಮೊದಲು ಕಂಡ ಮನೆಯವರೇ ಮಾಹಿತಿ ಕೊಡಬಹುದು, ಮಾಲೀಕರು ಊರಿಗೆ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಕಡೆ ತಿಂಗಳುಗಟ್ಟಲೆ ಹೊದಿಕೆಯಡಿ ನಿಂತಿರುವ ಇಂಥ ಕಾರುಗಳು ಬಹಳ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಠಾಣೆಗೆ ಹೋಗುವಾಗ ಆರ್‌ಸಿ, ವಿಮೆಯ ಪ್ರತಿ, ಎರಡೂ ಕೀಲಿಗಳು, ಕಾರಿನ ಇತ್ತೀಚಿನ ಫೋಟೋಗಳು ಇರಲಿ. ಮಾಲೀಕರ ಜೊತೆ ಒಬ್ಬರು ಅಥವಾ ಇಬ್ಬರು ಹೋದರೆ ಸಾಕು. ಇಪ್ಪತ್ತು ಜನ ಠಾಣೆಯ ಅಂಗಳದಲ್ಲಿ ನಿಂತರೆ ದೂರು ಬರೆದುಕೊಳ್ಳುವವರಿಗೂ ಅಡಚಣೆ, ಮಾಲೀಕರಿಗೂ ಅಡಚಣೆ.

ಫಾಸ್ಟ್ಯಾಗ್ ಮತ್ತು ಟೋಲ್‌ಗಳು

ಈ ಎರಡು ಜಿಲ್ಲೆಗಳ ಭೂಗೋಳ ಹುಡುಕುವವರಿಗೆ ಸ್ವಲ್ಪ ಅನುಕೂಲಕರವಾಗಿದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ, ನಡುವೆ ದಕ್ಷಿಣೋತ್ತರವಾಗಿ ರಾಷ್ಟ್ರೀಯ ಹೆದ್ದಾರಿ 66. ಆ ಹೆದ್ದಾರಿಯಲ್ಲಿ ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರು ಟೋಲ್‌ಗಳಿವೆ. ಬೆಂಗಳೂರು ಕಡೆಯ ಹೆದ್ದಾರಿ 75ರಲ್ಲಿ ಬಿ.ಸಿ.ರೋಡ್ ಹತ್ತಿರ ಬ್ರಹ್ಮರಕೂಟ್ಲು ಟೋಲ್ ಇದೆ. ಮಾಲೀಕರ ಮೊಬೈಲಿಗೆ ಫಾಸ್ಟ್ಯಾಗ್ ಕಡಿತದ ಸಂದೇಶ ಬಂದರೆ ಕಾರು ಯಾವ ಟೋಲ್ ಅನ್ನು ಎಷ್ಟು ಹೊತ್ತಿಗೆ ದಾಟಿತೆಂಬುದು ಕೈಗೇ ಸಿಗುತ್ತದೆ. ಹೀಗಾಗಿ ಗಾಬರಿಯಲ್ಲಿ ಫಾಸ್ಟ್ಯಾಗ್ ಅನ್ನು ಕೂಡಲೇ ಬ್ಲಾಕ್ ಮಾಡಿಸಬೇಡಿ. ತನಿಖಾಧಿಕಾರಿಯನ್ನು ಕೇಳಿ, ಅವರು ಒಪ್ಪಿದರೆ ಖಾತೆಯಲ್ಲಿ ಸ್ವಲ್ಪ ಹಣವಿರುವಂತೆ ನೋಡಿಕೊಂಡು ಚಾಲ್ತಿಯಲ್ಲೇ ಇಡಿ. ಕಳ್ಳರು ಗಾಜಿನಿಂದ ಟ್ಯಾಗ್ ಕಿತ್ತೆಸೆದಿದ್ದರೂ ಟೋಲ್‌ನ ಕ್ಯಾಮೆರಾ ಉಳಿದಿರುತ್ತದೆ. ಆ ದೃಶ್ಯವನ್ನು ಕೇಳಿ ಪಡೆಯಬೇಕಾದವರು ಪೊಲೀಸರು. ಯಾವ ಟೋಲ್‌ನ ಯಾವ ಹೊತ್ತಿನ ದೃಶ್ಯ ಬೇಕೆಂಬ ಊಹೆಯನ್ನು ಕಾರಣ ಸಹಿತ ಬರೆದುಕೊಟ್ಟರೆ ಅವರ ಕೆಲಸ ಹಗುರವಾಗುತ್ತದೆ.

ಟೋಲ್‌ನಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಕಾರು ಊರಲ್ಲೇ ಇದೆಯೆಂದು ತೀರ್ಮಾನಿಸಬಾರದು. ಪಡುಬಿದ್ರಿಯಿಂದ ಬೆಳ್ಮಣ್ ಮೂಲಕ ಕಾರ್ಕಳಕ್ಕೆ, ಮಂಗಳೂರಿನಿಂದ ಮೂಡುಬಿದಿರೆ ಮೂಲಕ ಅದೇ ಕಾರ್ಕಳಕ್ಕೆ, ಕಲ್ಲಡ್ಕದಿಂದ ವಿಟ್ಲ, ಸಾರಡ್ಕ ದಾಟಿ ಪೆರ್ಲಕ್ಕೆ, ಸುಳ್ಯದ ಜಾಲ್ಸೂರಿನಿಂದ ಕಾಸರಗೋಡಿಗೆ ಹೋಗುವ ದಾರಿಗಳನ್ನು ಬಲ್ಲವರಿಗೆ ದೊಡ್ಡ ಹೆದ್ದಾರಿ ಬೇಕಾಗಿಯೇ ಇಲ್ಲ. ಬಳಗದ ಸದಸ್ಯರು ವಾರಾಂತ್ಯದ ಸುತ್ತಾಟದಲ್ಲಿ ಕಂಡುಕೊಂಡ ಒಳದಾರಿಗಳ ಜ್ಞಾನ ಉಪಯೋಗಕ್ಕೆ ಬರುವುದು ಇಲ್ಲಿಯೇ. ಒಂದು ನಕ್ಷೆ ಹರಡಿಕೊಂಡು, ಕಾರು ಕೊನೆಯದಾಗಿ ಕಂಡ ಹೊತ್ತಿನಿಂದ ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಎಲ್ಲಿ ತಲುಪಿರಬಹುದೆಂದು ಗುರುತು ಹಾಕಿ. ಘಟ್ಟದ ದಾರಿಗಳನ್ನೂ ಸೇರಿಸಿ: ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ, ಹುಲಿಕಲ್, ಕೊಲ್ಲೂರು. ಇವುಗಳ ಆಸುಪಾಸಿನಲ್ಲಿ ವಾಹನ ತಪಾಸಣೆಯ ಠಾಣೆ ಎಲ್ಲಿದೆ, ರಾತ್ರಿಯೂ ತೆರೆದಿರುವ ಹೋಟೆಲ್ ಎಲ್ಲಿದೆ, ಪೆಟ್ರೋಲ್ ಬಂಕ್ ಎಲ್ಲಿದೆ ಎಂಬ ಪಟ್ಟಿ ಮೊದಲ ರಾತ್ರಿಯೇ ತಯಾರಾಗಬೇಕು.

ಕಾರು ತಯಾರಕರ ಆ್ಯಪ್ ಅಥವಾ ಜಿಪಿಎಸ್ ಸಾಧನ ಇದ್ದರೆ ಅದರ ಕೊನೆಯ ಸ್ಥಳದ ಚಿತ್ರವನ್ನು ಸಮಯ ಕಾಣುವಂತೆ ಉಳಿಸಿಕೊಂಡು ಪೊಲೀಸರಿಗೆ ಕೊಡಿ. ಕೆಲವು ಕಾರುಗಳಲ್ಲಿ ದೂರದಿಂದಲೇ ಎಂಜಿನ್ ಸ್ಥಗಿತಗೊಳಿಸುವ ಸೌಲಭ್ಯವಿರುತ್ತದೆ. ಅದನ್ನು ಪೊಲೀಸರ ಗಮನಕ್ಕೆ ತಂದು, ತಯಾರಕರ ಸಹಾಯವಾಣಿಯ ಮೂಲಕವೇ ಮಾಡಿಸಬೇಕು.

ಕ್ಯಾಮೆರಾ ದೃಶ್ಯಗಳು

ಬಳಗ ಅತಿ ಹೆಚ್ಚು ಉಪಕಾರ ಮಾಡಬಲ್ಲ ಕೆಲಸ ಇದು, ಅತಿ ಬೇಗ ಕೈತಪ್ಪುವ ಕೆಲಸವೂ ಇದೇ. ಅಂಗಡಿ, ಮನೆ, ಬಂಕ್, ದೇವಸ್ಥಾನ, ಮಸೀದಿ, ಇಗರ್ಜಿಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ದಾಖಲಾಗುತ್ತಾ ಹೋಗುತ್ತದೆ. ಕೆಲವು ಕಡೆ ಒಂದು ವಾರವೂ ಉಳಿಯುವುದಿಲ್ಲ. ಕಾರು ನಿಂತಿದ್ದ ಜಾಗದಿಂದ ಹೊರಟು, ಪ್ರತಿ ಕವಲಿನಲ್ಲೂ ಅದು ಯಾವ ಕಡೆ ತಿರುಗಿತೆಂದು ಒಂದೊಂದೇ ಕ್ಯಾಮೆರಾ ಹಿಡಿದು ಮುಂದೆ ಸಾಗಬೇಕು. ಅಂಗಡಿಯವರಲ್ಲಿ ನಯವಾಗಿ ಕೇಳಿ, ಎಫ್‌ಐಆರ್ ಪ್ರತಿ ತೋರಿಸಿ, ನೋಡಲು ಬಿಟ್ಟರೆ ನೋಡಿ. ಒಪ್ಪದಿದ್ದರೆ ಒತ್ತಾಯಿಸದೆ ಅಂಗಡಿಯ ಹೆಸರು ಬರೆದುಕೊಂಡು ತನಿಖಾಧಿಕಾರಿಗೆ ತಿಳಿಸಿ. ಯಾವ ಕಾರಣಕ್ಕೂ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಕಳಚಿ ತರಬಾರದು. ನ್ಯಾಯಾಲಯದಲ್ಲಿ ಈ ದೃಶ್ಯ ಸಾಕ್ಷ್ಯವಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಕ್ರಮವಾಗಿ ಮಾಡಿಸುವವರು ಪೊಲೀಸರು. ದೃಶ್ಯ ಎಲ್ಲಿದೆ ಎಂದು ಕಂಡುಹಿಡಿದು, ಅಳಿಸಿಹೋಗದಂತೆ ಉಳಿಸಿಡಲು ಅಂಗಡಿಯವರನ್ನು ಕೇಳಿಕೊಂಡರೆ ನಮ್ಮ ಪಾಲಿನ ಕೆಲಸ ಆಯಿತು.

ಒಂದು ವಿಷಯವನ್ನು ನಾವು ಪೆಟ್ಟು ತಿಂದು ಕಲಿತೆವು. ಕ್ಯಾಮೆರಾದ ಗಡಿಯಾರ ಸರಿಯಾಗಿರುತ್ತದೆಂದು ನಂಬಬಾರದು. ನಮ್ಮ ಬಳಗದವರೊಬ್ಬರ ಕಾರು ಹೋದಾಗ ಒಂದು ಅಂಗಡಿಯ ಡಿವಿಆರ್ ನಲವತ್ತು ನಿಮಿಷ ಮುಂದಿತ್ತು. ಅದನ್ನು ಗಮನಿಸದೆ ಕಾರು ಬಡಗು ದಿಕ್ಕಿಗೆ ಹೋಗಿದೆಯೆಂದು ಲೆಕ್ಕ ಹಾಕಿ ಇಡೀ ರಾತ್ರಿ ಕುಂದಾಪುರದವರೆಗೆ ಹುಡುಕಿದೆವು. ಕಾರು ತೆಂಕಿಗೆ ಹೋಗಿತ್ತು. ಅಂದಿನಿಂದ ಯಾವುದೇ ದೃಶ್ಯ ನೋಡುವ ಮೊದಲು ಡಿವಿಆರ್ ತೋರಿಸುವ ಹೊತ್ತನ್ನೂ ನಮ್ಮ ಮೊಬೈಲಿನ ಹೊತ್ತನ್ನೂ ಒಂದೇ ಫೋಟೋದಲ್ಲಿ ಸೆರೆಹಿಡಿದು, ವ್ಯತ್ಯಾಸವನ್ನು ಬರೆದಿಡುವ ಕ್ರಮ ಇಟ್ಟುಕೊಂಡಿದ್ದೇವೆ. ಮಳೆಗಾಲದ ರಾತ್ರಿಗಳಲ್ಲಿ ನಂಬರ್ ಪ್ಲೇಟ್ ಓದಲು ಸಿಗುವುದೇ ಅಪರೂಪ. ಆಗ ಉರಿಯದ ಒಂದು ಹಿಂಬದಿ ದೀಪ, ಬದಲಾಯಿಸಿದ ಅಲಾಯ್ ಚಕ್ರ, ಛಾವಣಿಯ ಕ್ಯಾರಿಯರ್ ಇಂಥವುಗಳನ್ನು ಹಿಡಿದು ಗುರುತಿಸಬೇಕು. ಆ ಕಾರನ್ನು ಹತ್ತಾರು ಸಲ ನೋಡಿದ ಗೆಳೆಯರ ಕಣ್ಣು ಅಲ್ಲಿ ಬೇಕು.

ಈ ಎಲ್ಲ ಮಾಹಿತಿಯೂ ಒಂದೇ ಪುಸ್ತಕಕ್ಕೆ ಬರಬೇಕು. ಸುದ್ದಿ ಬಂದ ಹೊತ್ತು, ಸ್ಥಳ, ಹೇಳಿದವರು, ಫೋಟೋ ಇದೆಯೇ, ಯಾರು ಹೋಗಿ ನೋಡಿದರು, ಏನು ಕಂಡಿತು ಎಂದು ಬರೆದುಕೊಳ್ಳಲು ಒಬ್ಬರು ಇರಲಿ. ಅದನ್ನು ದಿನಕ್ಕೊಮ್ಮೆ ತನಿಖಾಧಿಕಾರಿಗೆ ತಲುಪಿಸಲು ಇನ್ನೊಬ್ಬರು ಇರಲಿ. ಠಾಣೆಗೆ ಹತ್ತು ಜನ ಹತ್ತು ಸಲ ಫೋನ್ ಮಾಡಿದರೆ ಹನ್ನೊಂದನೆಯ ಕರೆಯಲ್ಲಿರುವ ನಿಜವಾದ ಸುಳಿವೂ ಗದ್ದಲದಲ್ಲಿ ಮುಳುಗುತ್ತದೆ.

ಪ್ರಕಟಣೆಯಲ್ಲಿ ಏನಿರಬೇಕು, ಏನಿರಬಾರದು

ಹಂಚುವ ಪ್ರಕಟಣೆ ಒಂದೇ ಇರಲಿ, ಅದರಲ್ಲಿ ದಿನಾಂಕ ಇರಲಿ. ನೋಂದಣಿ ಸಂಖ್ಯೆ, ಮಾದರಿ, ಬಣ್ಣ, ಎರಡು ಮೂರು ವಿಶೇಷ ಗುರುತು, ಕಳವಾದ ಸ್ಥಳ ಮತ್ತು ಹೊತ್ತು, ಠಾಣೆಯ ಹೆಸರು, ಅಪರಾಧ ಸಂಖ್ಯೆ, ಠಾಣೆಯ ದೂರವಾಣಿ ಇಷ್ಟು ಸಾಕು. ಆರ್‌ಸಿಯ ಫೋಟೋ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಮಾಲೀಕರ ಮನೆಯ ವಿಳಾಸ ಇವನ್ನು ಹಾಕಬಾರದು. ಚಾಸಿಸ್ ಸಂಖ್ಯೆಯೆಂದರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸೇರಿ 17 ಸ್ಥಾನಗಳ ಗುರುತು. ಅದು ಬಹಿರಂಗವಾದರೆ ಅದೇ ಮಾದರಿಯ ಇನ್ನೊಂದು ಕಾರಿಗೆ ನಕಲಿ ಗುರುತು ಸೃಷ್ಟಿಸಲು ದಾರಿಯಾಗುತ್ತದೆ. ವಿಶೇಷ ಗುರುತುಗಳಲ್ಲೂ ಒಂದೆರಡನ್ನು ಹೇಳದೆ ಉಳಿಸಿಕೊಳ್ಳಿ. ಡಿಕ್ಕಿಯೊಳಗಿನ ಸುಟ್ಟ ಕಲೆಯೋ ಹಿಂಬದಿ ಸೀಟಿನ ಹೊಲಿಗೆಯೋ ಗುಟ್ಟಾಗಿ ಉಳಿದರೆ, ಕಾರು ಕಂಡಿದೆ ಎಂದು ಕರೆ ಮಾಡುವವರ ಮಾತನ್ನು ಪರೀಕ್ಷಿಸಲು ಅದು ನೆರವಾಗುತ್ತದೆ.

ಏಕೆಂದರೆ ಮಾಲೀಕರ ನಂಬರ್ ಹೊರಬಿದ್ದ ಒಡನೆ ಮೋಸದ ಕರೆಗಳು ಬರುತ್ತವೆ. ಕಾರು ಗೋವಾದಲ್ಲಿದೆ, ಚಾಲಕನಿಗೆ ಡೀಸೆಲ್ ಹಣ ಕಳುಹಿಸಿ, ಆಮೇಲೆ ಸ್ಥಳ ಹೇಳುತ್ತೇವೆ ಎನ್ನುವವರಿರುತ್ತಾರೆ. ದುಃಖದಲ್ಲಿರುವವರು ನಂಬಿಬಿಡುತ್ತಾರೆ. ಹಣ ಮೊದಲು ಕೇಳಿದ ಯಾರಿಗೂ ಒಂದು ರೂಪಾಯಿ ಕೊಡದೆ, ಆ ನಂಬರನ್ನು ತನಿಖಾಧಿಕಾರಿಗೆ ಕೊಡಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಎಲ್ಲಿ ಕಣ್ಣಿಡಬೇಕು

ಕದ್ದ ಕಾರನ್ನು ಕೂಡಲೇ ದೂರ ಸಾಗಿಸದೆ, ಯಾರಾದರೂ ಹುಡುಕಿಕೊಂಡು ಬರುತ್ತಾರೆಯೇ ಎಂದು ನೋಡಲು ಒಂದೆರಡು ದಿನ ಜನನಿಬಿಡ ನಿಲುಗಡೆಯಲ್ಲಿ ಬಿಡುವುದುಂಟು. ಮಂಗಳೂರು ಸೆಂಟ್ರಲ್, ಕಂಕನಾಡಿಯ ಜಂಕ್ಷನ್, ಇಂದ್ರಾಳಿಯ ಉಡುಪಿ ನಿಲ್ದಾಣ ಇವುಗಳ ಪಾರ್ಕಿಂಗ್, ದೇರಳಕಟ್ಟೆ ಮತ್ತು ಮಣಿಪಾಲದ ಆಸ್ಪತ್ರೆಗಳ ಆವರಣ, ದೊಡ್ಡ ಅಪಾರ್ಟ್‌ಮೆಂಟ್‌ಗಳ ಹೊರಗಿನ ರಸ್ತೆಬದಿ, ಕೋಲ, ನೇಮ, ಬ್ರಹ್ಮಕಲಶ ನಡೆಯುವ ಊರಿನಲ್ಲಿ ಪಾರ್ಕಿಂಗ್‌ಗೆ ಬಿಟ್ಟ ಗದ್ದೆ, ಇವನ್ನು ಬಳಗದವರು ತಮ್ಮ ತಮ್ಮ ಊರಿಗೆ ಹಂಚಿಕೊಂಡು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ ಬರಬಹುದು. ಟಾರ್ಪಲ್ ಹೊದಿಸಿದ ಕಾರು ಕಂಡರೆ ಹೊದಿಕೆ ಎತ್ತದಿರಿ. ಚಕ್ರ ಮತ್ತು ಆಕಾರ ನೋಡಿ ಸಂಶಯ ಬಂದರೆ ಆವರಣದ ಕಾವಲುಗಾರರನ್ನು ಕೇಳಿ.

ಇನ್ನೊಂದು ಕಡೆ, ಬಿಡಿಭಾಗಗಳು. ಸದಸ್ಯರ ಕಾರುಗಳಲ್ಲಿ ಸಾಮಾನ್ಯವಾಗಿ ಬೇರೆಲ್ಲೂ ಕಾಣದ ಹೆಡ್‌ಲೈಟ್, ಚಕ್ರ, ಸೀಟು, ಮ್ಯೂಸಿಕ್ ಸಿಸ್ಟಮ್ ಇರುತ್ತವೆ. ಕಾರು ಬಿಚ್ಚಿಹೋದರೆ ಇವು ಗುಜರಿ ಅಂಗಡಿಗೋ ಸೆಕೆಂಡ್ ಹ್ಯಾಂಡ್ ಮಾರಾಟದ ಜಾಲತಾಣಗಳಿಗೋ ಬರುತ್ತವೆ. ಟಿಂಕರಿಂಗ್ ಮಾಡುವವರು, ಟಯರ್ ಅಂಗಡಿಯವರು, ಕೀಲಿ ಮಾಡುವವರು ಬಳಗಕ್ಕೆ ಬಹುತೇಕ ಪರಿಚಿತರೇ; ಅವರಿಗೆ ಪ್ರಕಟಣೆ ತಲುಪಿಸಿ, ಟಯರಿನ ಮೇಲೆ ಅಚ್ಚಾದ ನಾಲ್ಕು ಅಂಕಿಯ ತಯಾರಿಕೆಯ ವಾರ ಮತ್ತು ವರ್ಷವನ್ನೂ ಹೇಳಿ. ಹೋಲುವ ಭಾಗ ಮಾರಾಟಕ್ಕೆ ಕಂಡರೆ ಮಾರುವವರಿಗೆ ಬೆದರಿಕೆ ಸಂದೇಶ ಹಾಕಬಾರದು, ಹಾಕಿದರೆ ಆ ಜಾಹೀರಾತೇ ಮಾಯವಾಗುತ್ತದೆ. ಚಿತ್ರ, ಕೊಂಡಿ, ಹೊತ್ತು ಉಳಿಸಿಕೊಂಡು ಪೊಲೀಸರಿಗೆ ಕೊಡಿ.

ನೋಂದಣಿ ಸಂಖ್ಯೆಯ ಮೇಲೆ ಇ-ಚಲನ್ ಬಂದಿದೆಯೇ ಎಂದು ಮಾಲೀಕರು ಪ್ರತಿದಿನ ನೋಡಬೇಕು. ಕೇರಳದ ರಸ್ತೆಗಳಲ್ಲಿ 2023ರಿಂದ ಕ್ಯಾಮೆರಾಗಳೇ ಸೀಟ್ ಬೆಲ್ಟ್ ಮುಂತಾದ ಉಲ್ಲಂಘನೆಗಳನ್ನು ಹಿಡಿಯುತ್ತಿವೆ. ಗಡಿ ದಾಟಿದ ಕಾರಿಗೆ ದಂಡ ಬಿದ್ದರೆ ಅದರೊಂದಿಗೆ ಸ್ಥಳ ಮತ್ತು ಸಮಯ ಸಿಗುತ್ತವೆ. ಕೆಎ 19 ಫಲಕದ ಕಾರು ಕಾಸರಗೋಡಿನಲ್ಲಿ ಯಾರ ಗಮನವನ್ನೂ ಸೆಳೆಯುವುದಿಲ್ಲ, ಅಷ್ಟು ದಿನನಿತ್ಯದ ಓಡಾಟವಿದೆ. ಹಾಗಾಗಿ ಅಲ್ಲಿನ ಕಾರು ಬಳಗಗಳಿಗೂ ಪ್ರಕಟಣೆ ತಲುಪಲಿ, ಮಲಯಾಳದಲ್ಲಿ ಬರೆದ ಒಂದು ಪ್ರತಿಯೂ ಇರಲಿ.

ಕಂಡಾಗ

ಇಲ್ಲಿ ಬಹಳ ಸ್ಪಷ್ಟವಾಗಿ ಬರೆಯಬೇಕಾಗಿದೆ. ಕಾರು ಕಂಡರೆ ಬೆನ್ನಟ್ಟಬಾರದು, ಅಡ್ಡ ಹಾಕಬಾರದು, ಚಾಲಕನನ್ನು ಇಳಿಸಬಾರದು. 112ಕ್ಕೆ ಕರೆ ಮಾಡಿ ಸ್ಥಳ, ದಿಕ್ಕು, ಸಂಖ್ಯೆ ಹೇಳಿ, ಸುರಕ್ಷಿತ ದೂರದಿಂದ ಫೋಟೋ ತೆಗೆಯಿರಿ. ನಮ್ಮ ಬಳಗದ ಇಬ್ಬರು ಹುಡುಗರು ಕಟಪಾಡಿಯಲ್ಲಿ ಅದೇ ಬಣ್ಣದ, ಅದೇ ಮಾದರಿಯ ಕಾರೊಂದನ್ನು ಅಡ್ಡಗಟ್ಟಿದ್ದರು. ಒಳಗಿದ್ದದ್ದು ಆಸ್ಪತ್ರೆಗೆ ಹೊರಟಿದ್ದ ಒಂದು ಸಂಸಾರ. ಆ ಮನೆಯ ಹಿರಿಯರು ಕ್ಷಮಿಸಿ ಕಳುಹಿಸಿದರು, ಆದರೆ ಹಿಂದಿನ ಸೀಟಿನಲ್ಲಿದ್ದ ಮಗು ಹೆದರಿ ಅತ್ತದ್ದು ನನಗೆ ಇಂದಿಗೂ ನೆನಪಿದೆ. ಬೇರೊಬ್ಬರನ್ನು ರಸ್ತೆಯಲ್ಲಿ ತಡೆದು ನಿಲ್ಲಿಸುವುದು ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಮಿನಡಿ ಅಪರಾಧ. ನಮ್ಮ ಜಿಲ್ಲೆಗಳಲ್ಲಿ ಗುಂಪು ಸೇರಿ ವಾಹನ ತಡೆದರೆ ಅದು ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಕಟ್ಟುಪಾಡನ್ನು ಒಪ್ಪದ ಸದಸ್ಯರನ್ನು ಹುಡುಕಾಟದಿಂದ ಹೊರಗಿಡಿ.

ನಿಂತ ಕಾರು ಸಿಕ್ಕರೆ ಬಾಗಿಲು, ಸ್ಟಿಯರಿಂಗ್, ಗೇರ್ ಯಾವುದನ್ನೂ ಮುಟ್ಟಬೇಡಿ, ಬೆರಳಚ್ಚು ಉಳಿದಿರಬಹುದು. ನಂಬರ್ ಪ್ಲೇಟ್ ಬೇರೆಯಾಗಿದ್ದರೂ ಕಾರು ಅದೇ ಆಗಿರಬಹುದು. ಅತಿ ಸುರಕ್ಷಿತ ನೋಂದಣಿ ಫಲಕವನ್ನು ಮರುಬಳಕೆ ಮಾಡಲಾಗದ ಲಾಕ್‌ಗಳಿಂದ ಕೂರಿಸಿರುತ್ತಾರೆ. ಅದರ ಬದಲು ಸಾಮಾನ್ಯ ಸ್ಕ್ರೂ ಕಂಡರೆ, ಅಥವಾ ಮುಂಗಾಜಿನ ಸ್ಟಿಕರಿನಲ್ಲಿರುವ ಸಂಖ್ಯೆಯೂ ಫಲಕದ ಸಂಖ್ಯೆಯೂ ಹೊಂದದಿದ್ದರೆ ಅದನ್ನು ಪೊಲೀಸರಿಗೆ ತಿಳಿಸಿ. ಅವರು ಬಂದು ಮಹಜರು ಬರೆದು ಚಾಸಿಸ್ ಸಂಖ್ಯೆ ತಾಳೆ ನೋಡುವವರೆಗೆ ಸುತ್ತ ಜನ ಸೇರದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ.

ವಿಮೆ, ನ್ಯಾಯಾಲಯ, ಆರ್‌ಟಿಒ

ಕಾಗದಪತ್ರದ ಕೆಲಸ ಹುಡುಕಾಟದ ಜೊತೆಗೇ ನಡೆಯಬೇಕು. ವಿಮಾ ಕಂಪನಿಗೆ ಅಂದೇ ತಿಳಿಸಬೇಕು. ಎಫ್‌ಐಆರ್ ತಡವಿಲ್ಲದೆ ದಾಖಲಾಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕಳವಿನ ಪರಿಹಾರವನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಆದರೂ ತಡಮಾಡದಿರುವುದೇ ಕ್ಷೇಮ. ಕೇವಲ ಥರ್ಡ್ ಪಾರ್ಟಿ ವಿಮೆಯಿದ್ದರೆ ಕಳವಿಗೆ ಪರಿಹಾರವಿಲ್ಲ. ಆರ್‌ಟಿಒ ಕಚೇರಿಗೂ ಎಫ್‌ಐಆರ್ ಪ್ರತಿಯೊಂದಿಗೆ ಬರೆದುಕೊಟ್ಟು, ಸರಕಾರದ ವಾಹನ ನೋಂದಣಿ ಜಾಲವಾದ ‘ವಾಹನ್’ ದಾಖಲೆಯಲ್ಲಿ ಬ್ಲ್ಯಾಕ್‌ಲಿಸ್ಟ್ ಮಾಡಿಸಿದರೆ ಬೇರೆಯವರ ಹೆಸರಿಗೆ ವರ್ಗಾವಣೆ ಆಗದು. ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ಸಿ ರಿಪೋರ್ಟ್ ವಿಮೆಯವರಿಗೆ ಬೇಕಾಗುತ್ತದೆ. ಅದಕ್ಕೆ ತಿಂಗಳುಗಳು ಹಿಡಿಯಬಹುದು. ಆ ತಿಂಗಳುಗಳಲ್ಲಿ ಮಾಲೀಕರ ಮಕ್ಕಳನ್ನು ಶಾಲೆಗೆ ಬಿಡುವುದು, ಮನೆಯ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದನ್ನು ಸರದಿ ಹಾಕಿಕೊಂಡು ಮಾಡಿದ ಬಳಗ ನಮ್ಮದೆಂದು ನನಗೆ ಸಂತೋಷವಿದೆ.

ಕಾರು ಸಿಕ್ಕಿದರೂ ಅಂದೇ ಮನೆಗೆ ಬರುವುದಿಲ್ಲ. ಜಪ್ತಿಯಾದ ವಾಹನವನ್ನು ನ್ಯಾಯಾಲಯದಿಂದ ಬಿಡಿಸಿಕೊಳ್ಳಬೇಕು. ಮಾಲೀಕತ್ವದ ದಾಖಲೆ ಮತ್ತು ಭದ್ರತೆಯ ಮುಚ್ಚಳಿಕೆಯೊಂದಿಗೆ ವಕೀಲರ ಮೂಲಕ ಅರ್ಜಿ ಹಾಕುವುದು ರೂಢಿ. ಇಂಥ ವಾಹನಗಳನ್ನು ಠಾಣೆಯ ಅಂಗಳದಲ್ಲಿ ಬಹುಕಾಲ ನಿಲ್ಲಿಸಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿರುವುದನ್ನು ಅರ್ಜಿಯಲ್ಲಿ ಕಾಣಿಸಬಹುದು, ಅದರಲ್ಲೂ ನಮ್ಮ ಮಳೆಯಲ್ಲಿ ಎರಡು ತಿಂಗಳು ಬಯಲಲ್ಲಿ ನಿಂತ ಕಾರಿನ ಗತಿ ಏನಾಗುತ್ತದೆಂಬುದು ಗೊತ್ತಿರುವುದರಿಂದ. ಬಿಡುಗಡೆಯ ನಂತರ ಕೀಲಿ ವ್ಯವಸ್ಥೆಯನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಹೊಸದಾಗಿ ಮಾಡಿಸಿ, ಹಳೆಯ ಹಾಗೂ ಕಳ್ಳರು ಸೇರಿಸಿರಬಹುದಾದ ಕೀಲಿಗಳನ್ನು ಅಳಿಸಿಹಾಕಬೇಕು. ಪ್ರಕಟಣೆ ಕಳುಹಿಸಿದ ಪ್ರತಿಯೊಂದು ಗುಂಪಿಗೂ, ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬ ಅಂಗಡಿಯವರಿಗೂ ಕಾರು ಸಿಕ್ಕಿದ ವಿಷಯ ತಿಳಿಸಬೇಕು. ಆರ್‌ಟಿಒ ದಾಖಲೆಯಲ್ಲಿ ಬ್ಲ್ಯಾಕ್‌ಲಿಸ್ಟ್ ತೆಗೆದಿದ್ದಾರೆಂದು ಕಣ್ಣಾರೆ ಕಾಣುವವರೆಗೆ ನ್ಯಾಯಾಲಯದ ಬಿಡುಗಡೆ ಆದೇಶದ ಪ್ರತಿ ಕಾರಿನಲ್ಲೇ ಇರಲಿ, ಇಲ್ಲದಿದ್ದರೆ ತಲಪಾಡಿಯಲ್ಲೋ ಶಿರೂರಿನಲ್ಲೋ ಮಾಲೀಕರನ್ನೇ ಇಳಿಸಿ ವಿಚಾರಿಸುವಂತಾಗುತ್ತದೆ.